ಕೆರೆಯ ನೀರಿನ ಜೊತೆಗೆ ಟಗರು, ಹೋರಿಗಳನ್ನೂ ಪರೀಕ್ಷಿಸಿ

ಕೋಲಾರ ಜಿಲ್ಲಾಧಿಕಾರಿಗಳಿಗೆ ಹಾಗೂ ಪಶುಪಾಲನೆ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯರೇ,

ಕೇಳಬೇಕಾದುದನ್ನು ಮೊದಲೇ ಕೇಳಿಬಿಡುತ್ತೇನೆ. ಬೆಂಗಳೂರಿನ ಸಂಸ್ಕರಿತ ನೀರು ತುಂಬಿರುವ ನಮ್ಮ ಕೆರೆಗಳ ಸುತ್ತಲಿನ ಹಳ್ಳಿಗಳಲ್ಲಿ ಬೀಜಕ್ಕೆಂದು ಸಾಕಿರುವ ಟಗರು, ಹೋತ, ಕೋಣ, ಹಳ್ಳಿಕಾರ್ ಹೋರಿಗಳ ವೀರ್ಯವನ್ನು ಪ್ರತಿವರ್ಷ ಪರೀಕ್ಷಿಸುವ ಏರ್ಪಾಡು ಮಾಡಿ. ಆ ಪ್ರಾಣಿಗಳ ರಕ್ತದಲ್ಲಿ, ಕಸಾಯಿಖಾನೆಗೆ ಬರುವ ಕುರಿಗಳ ಮೂತ್ರಪಿಂಡ ಮತ್ತು ವೃಷಣಗಳಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸದಂಥ ಭಾರಲೋಹಗಳು ಎಷ್ಟಿವೆ ಎಂದು ಅಳೆಯಿಸಿ. ಬಂದ ಫಲಿತಾಂಶವನ್ನು ಕನ್ನಡದಲ್ಲಿ, ಹಳ್ಳಿಯವರ ಕೈಗೆ ಸಿಗುವ ಹಾಗೆ ಪ್ರಕಟಿಸಿ. ಇಂಥ ಪರೀಕ್ಷೆ ಈಗಾಗಲೇ ಎಲ್ಲಾದರೂ ನಡೆದಿದ್ದರೆ, ಅದರ ವರದಿಯನ್ನು ಮೊದಲು ಬಹಿರಂಗಪಡಿಸಿ.

ನಾನು ಇದೇ ಜಿಲ್ಲೆಯಲ್ಲಿ ಪಶುವೈದ್ಯನಾಗಿ ದುಡಿದು ನಿವೃತ್ತನಾದವನು. ಈಗಲೂ ಬೆಳಗಾದರೆ ಯಾರಾದರೊಬ್ಬರು ಕುರಿಯನ್ನೋ ಕರುವನ್ನೋ ಹಿಡಿದು ಮನೆಯ ಮುಂದೆ ನಿಲ್ಲುತ್ತಾರೆ. ಹಾಗಾಗಿ ಈ ವಿಷಯ ನನಗೆ ಹಳೆಯದಾಗಿಲ್ಲ.

ಈ ಪತ್ರವನ್ನು ಯಾರೂ ನೀರಿನ ವಿರುದ್ಧದ ಕೂಗೆಂದು ಓದಬಾರದು. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಾಗ ಜನ ಪೂಜೆ ಮಾಡಿದ್ದು ಸುಮ್ಮನೆ ಅಲ್ಲ. ಒಂದೂವರೆ ಸಾವಿರ ಅಡಿ ಕೊರೆದರೂ ಧೂಳು ಹಾರುತ್ತಿದ್ದ ಜಿಲ್ಲೆ ಇದು. ಮರುತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು, ಹೈಕೋರ್ಟ್ ತಡೆ ಕೊಟ್ಟಿತು, ವಿವಾದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ಮತ್ತೆ ನೀರು ಹರಿಯಿತು. ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಬಂದಿರುವುದನ್ನು ನಾನೂ ಕಂಡಿದ್ದೇನೆ. ಟೊಮೆಟೊ, ಹಿಪ್ಪುನೇರಳೆ, ಸೀಮೆಹುಲ್ಲು ಎಲ್ಲವೂ ಅದನ್ನು ನಂಬಿಕೊಂಡಿವೆ. ನೀರನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಆ ನೀರಿನಲ್ಲಿ ಬದುಕುತ್ತಿರುವ ಪ್ರಾಣಿಗಳ ಮೈಯಲ್ಲಿ ಏನಾಗುತ್ತಿದೆ ಎಂದು ನೋಡಿ ಎನ್ನುತ್ತಿದ್ದೇನೆ. ಅದರಲ್ಲೂ ಗಂಡು ಪ್ರಾಣಿಗಳನ್ನು ನೋಡಿ, ಏಕೆಂದರೆ ಅವನ್ನು ಯಾರೂ ನೋಡುವುದಿಲ್ಲ.

ಹಸು ಗಬ್ಬ ನಿಲ್ಲದಿದ್ದರೆ ಹಳ್ಳಿಯಲ್ಲಿ ದೂರು ಯಾರ ಮೇಲೆ ಬರುತ್ತದೆ ಎಂಬುದು ನಿಮಗೂ ಗೊತ್ತು. ಹಸು ಗೊಡ್ಡು ಎನ್ನುತ್ತಾರೆ. ಇಲ್ಲವೇ ಕೃತಕ ಗರ್ಭಧಾರಣೆಯ ಸೂಜಿ ಹಾಕಿದವನ ಕೈಗುಣ ಸರಿಯಿಲ್ಲ ಎನ್ನುತ್ತಾರೆ. ಹೀಗೆ ಸೂಜಿಯಲ್ಲೇ ಗಬ್ಬ ಕಟ್ಟಿಸುವ ಮಿಶ್ರತಳಿ ಹಸುಗಳ ವಿಷಯದಲ್ಲಿ ಗಂಡಿನ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಹೆಸರಘಟ್ಟದಂಥ ಕೇಂದ್ರಗಳಲ್ಲಿ ಹೋರಿಯ ವೀರ್ಯವನ್ನು ಪ್ರತಿ ಸಲವೂ ಪರೀಕ್ಷಿಸಿಯೇ ಶೇಖರಿಸುತ್ತಾರೆ. ವೀರ್ಯ ತುಂಬಿ ಹೆಪ್ಪುಗಟ್ಟಿಸಿದ ಒಂದೊಂದು ಕಡ್ಡಿಯಲ್ಲಿ 2 ಕೋಟಿ ವೀರ್ಯಾಣು ಇರಬೇಕು, ಹೆಪ್ಪು ಬಿಡಿಸಿದ ಮೇಲೆ ಅವುಗಳಲ್ಲಿ ಅರ್ಧದಷ್ಟಾದರೂ ಮುಂದಕ್ಕೆ ಚಲಿಸುತ್ತಿರಬೇಕು ಎಂಬ ನಿಯಮವಿದೆ. ಆದರೆ ಕುರಿ, ಮೇಕೆ, ಎಮ್ಮೆ, ನಾಟಿ ಹಸುಗಳಿಗೆ ಇಂದಿಗೂ ಊರಿನ ಗಂಡೇ ಗತಿ. ಅದು ಕುಡಿಯುವುದು ಊರ ಕೆರೆಯ ನೀರು, ಮೇಯುವುದು ಕೆರೆಯಂಗಳದ ಹುಲ್ಲು. ಅದರ ವೀರ್ಯವನ್ನು ನೋಡುವವರು ಯಾರೂ ಇಲ್ಲ. ಇಪ್ಪತ್ತೈದು ಮೂವತ್ತು ಕುರಿಗಳಿಗೆ ಒಂದು ಟಗರು ಇರುವ ಹಿಂಡಿನಲ್ಲಿ ಆ ಟಗರು ಬರಡಾದರೆ ಆ ಮನೆಯ ಇಡೀ ವರ್ಷದ ಆದಾಯವೇ ಹೋಯಿತು.

ಒಬ್ಬ ಕುರಿಗಾರರ ಮಾತು ಹೇಳುತ್ತೇನೆ. "ಡಾಕ್ಟರೇ, ಮರಿ ಹಾಕದ ಕುರಿಗಳನ್ನೆಲ್ಲ ಹೋದ ವರ್ಷವೇ ಸಂತೆಗೆ ಹೊಡೆದೆ. ಹೊಸ ಕುರಿ ತಂದೆ. ಅವೂ ಹದಿನೇಳು ದಿನಕ್ಕೆ ಸರಿಯಾಗಿ ತಿರುಗಿ ಬೆದೆಗೆ ಬರುತ್ತಿವೆ. ಟಗರಿನದೇನೂ ತಪ್ಪಿಲ್ಲ, ನೋಡಿ ಹೇಗೆ ಹಾರುತ್ತದೆ!" ಎಂದರು. ನಿಜವೇ, ಟಗರು ಹುರುಪಿನಿಂದಲೇ ಹಾರುತ್ತಿತ್ತು. ಕೊಂಬು, ಮೈಕಟ್ಟು ಎಲ್ಲ ನೋಡುವಂತಿದ್ದವು. ಹಾರುವ ಹುಮ್ಮಸ್ಸಿಗೂ ಗಬ್ಬ ಕಟ್ಟಿಸುವ ಶಕ್ತಿಗೂ ಸಂಬಂಧ ಕಡಿಮೆ ಎಂಬುದನ್ನು ಅವರಿಗೆ ಬಾಯಿಮಾತಿನಲ್ಲಿ ನಂಬಿಸಲು ಆಗಲಿಲ್ಲ. ವೀರ್ಯ ಹಿಡಿದು ತೋರಿಸಬೇಕಾಯಿತು.

ಆರೋಗ್ಯವಂತ ಟಗರಿನ ವೀರ್ಯ ಕೆನೆಯ ಬಣ್ಣದ್ದು, ಗಟ್ಟಿಯಾಗಿರುತ್ತದೆ. ಒಂದು ಮಿಲಿಲೀಟರ್‌ನಲ್ಲಿ 200 ಕೋಟಿಗೂ ಹೆಚ್ಚು ವೀರ್ಯಾಣುಗಳಿರುತ್ತವೆ. ಬೆಚ್ಚಗಿನ ಗಾಜಿನ ಮೇಲೆ ಒಂದು ಹನಿ ಇಟ್ಟು ಸೂಕ್ಷ್ಮದರ್ಶಕದ ಕಡಿಮೆ ಶಕ್ತಿಯಲ್ಲಿ ನೋಡಿದರೆ ಒಂಟಿ ವೀರ್ಯಾಣು ಕಾಣುವುದೇ ಇಲ್ಲ. ಇಡೀ ಹನಿ ಸುಳಿಸುಳಿಯಾಗಿ ಹೊರಳುತ್ತಿರುತ್ತದೆ. ಕಪ್ಪು ಅಲೆಯೊಂದು ಎದ್ದು, ಮಡಚಿ, ಇನ್ನೊಂದರೊಳಗೆ ನುಗ್ಗುತ್ತದೆ. ಆ ಟಗರಿನ ಹನಿ ನೀರುನೀರಾಗಿತ್ತು. ಗಾಜಿನ ಮೇಲೆ ಅಲೆ ಏಳಲೇ ಇಲ್ಲ. ಶಕ್ತಿ ಹೆಚ್ಚಿಸಿದಾಗ ಅಲ್ಲೊಂದು ಇಲ್ಲೊಂದು ವೀರ್ಯಾಣು ಕಂಡವು. ಕೆಲವಕ್ಕೆ ಬಾಲ ಸುರುಳಿ ಸುತ್ತಿಕೊಂಡಿತ್ತು, ಕೆಲವು ಬಾಲ ಕಳಚಿದ ಬರೀ ತಲೆಗಳು, ಉಳಿದವು ಇದ್ದಲ್ಲಿಯೇ ನಡುಗುತ್ತಿದ್ದವು. ಕುರಿಗಾರರು ಕಣ್ಣಿಟ್ಟು ನೋಡಿದರು. ಪಕ್ಕದಲ್ಲಿ ಬೇರೆ ಊರಿನ ಟಗರಿನ ಹನಿಯನ್ನೂ ತೋರಿಸಿದೆ. ಆಮೇಲೆ ಅವರು ಕುರಿಗಳನ್ನು ಬೈಯಲಿಲ್ಲ. ಟಗರನ್ನು ಬದಲಾಯಿಸಿದರು, ಹಿಂಡು ಗಬ್ಬ ಕಟ್ಟಿತು.

ಆ ಟಗರಿಗೆ ಹಾಗಾದದ್ದು ಭಾರಲೋಹದಿಂದಲೇ ಎಂದು ನಾನು ಹೇಳುವುದಿಲ್ಲ. ಬೇಸಿಗೆಯ ಬಿಸಿಲೊಂದೇ ಸಾಕು ವೀರ್ಯ ಕೆಡಿಸಲು. ವೃಷಣ ಮೈಯ ಶಾಖಕ್ಕಿಂತ ನಾಲ್ಕೈದು ಡಿಗ್ರಿ ತಣ್ಣಗಿದ್ದರಷ್ಟೇ ಕೆಲಸ ಮಾಡುತ್ತದೆ. ಬ್ರುಸೆಲ್ಲಾ ಸೋಂಕು, ಮೇವಿನಲ್ಲಿ ಸತು ಮತ್ತು ಸೆಲೆನಿಯಂ ಕೊರತೆ, ಒಂದೇ ಹಿಂಡಿನೊಳಗೆ ತಲೆಮಾರುಗಟ್ಟಲೆ ಕೂಡಿಸುವ ರೂಢಿ, ಹೀಗೆ ಕಾರಣಗಳು ಹತ್ತಿರುತ್ತವೆ. ಸಾಮಾನ್ಯ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕುತ್ತಾ ಬಂದು ಲೋಹದ ಬಾಗಿಲಿಗೆ ನಿಂತಾಗ, ಆ ಬಾಗಿಲನ್ನು ತೆರೆಯುವ ಸೌಲಭ್ಯ ತಾಲ್ಲೂಕು ಮಟ್ಟದಲ್ಲಿ ನನ್ನ ಕೈಗೆ ಸಿಗಲಿಲ್ಲ. ನನ್ನ ಸೇವೆಯುದ್ದಕ್ಕೂ ನನ್ನನ್ನು ಕಾಡಿದ್ದು ಇದೇ.

ಲೋಹವನ್ನು ಏಕೆ ಅನುಮಾನಿಸಬೇಕು ಎಂದರೆ, ಅದಕ್ಕೆ ಎಪ್ಪತ್ತು ವರ್ಷಗಳ ಪುರಾವೆ ಇದೆ. 1956ರಲ್ಲಿ ಚೆಕೊಸ್ಲೊವಾಕಿಯದ ಇಬ್ಬರು ವಿಜ್ಞಾನಿಗಳು ಇಲಿಗಳಿಗೆ ಕ್ಯಾಡ್ಮಿಯಂ ಲವಣವನ್ನು ಅತಿ ಕಡಿಮೆ ಪ್ರಮಾಣದಲ್ಲಿ ಚುಚ್ಚಿದರು. ಬೇರೆ ಅಂಗಗಳು ಇನ್ನೂ ನೆಟ್ಟಗಿರುವಾಗಲೇ ವೃಷಣದ ಸೂಕ್ಷ್ಮ ರಕ್ತನಾಳಗಳು ಒಡೆದು, ಅಂಗಾಂಶ ಸತ್ತುಹೋಯಿತು. ಮುಂದಿನ ಪ್ರಯೋಗಗಳಲ್ಲಿ ಮೊದಲೇ ಸತುವನ್ನು ಕೊಟ್ಟಿದ್ದ ಇಲಿಗಳಲ್ಲಿ ಆ ಹಾನಿ ತಪ್ಪಿತು. ಕ್ಯಾಡ್ಮಿಯಂ ಮತ್ತು ಸತು ಒಂದೇ ಬಾಗಿಲಿನಿಂದ ಜೀವಕೋಶದೊಳಗೆ ನುಗ್ಗುತ್ತವೆ ಎಂಬುದು ಬಹಳ ವರ್ಷಗಳ ನಂತರ ಗೊತ್ತಾಯಿತು. ಕೆಲವು ತಳಿಯ ಚಿಟ್ಟಿಲಿಗಳ ವೃಷಣಕ್ಕೆ ಈ ವಿಷ ತಟ್ಟುವುದೇ ಇಲ್ಲ. 2005ರಲ್ಲಿ ಅದರ ಹಿಂದಿನ ವಂಶವಾಹಿಯೂ ಪತ್ತೆಯಾಯಿತು, ಅದು ಲೋಹವನ್ನು ಕೋಶದೊಳಗೆ ಸಾಗಿಸುವ ಪ್ರೋಟೀನಿನದೇ.

ವೃಷಣದೊಳಗೆ ಬೆಳೆಯುತ್ತಿರುವ ವೀರ್ಯಾಣುಗಳನ್ನು ರಕ್ತದಲ್ಲಿನ ಕೆಡುಕಿನಿಂದ ಕಾಯಲು ದೇಹ ಒಂದು ತಡೆಗೋಡೆ ಕಟ್ಟಿರುತ್ತದೆ. ವೀರ್ಯಾಣುಗಳನ್ನು ಪೋಷಿಸುವ ಸೆರ್ಟೋಲಿ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು ಆದ ಗೋಡೆ ಅದು. ಕ್ಯಾಡ್ಮಿಯಂ ಆ ಹೆಣಿಗೆಯನ್ನೇ ಸಡಿಲಿಸುತ್ತದೆ. ಸೀಸದ ದಾರಿ ಬೇರೆ. ಮಿದುಳಿನಿಂದ ವೃಷಣಕ್ಕೆ ಹೋಗುವ ಹಾರ್ಮೋನಿನ ಅಪ್ಪಣೆಗಳನ್ನು ಅದು ಕಲಕುತ್ತದೆ. ವೀರ್ಯಾಣುವಿನ ತಲೆಯಲ್ಲಿ ವಂಶವಾಹಿಯ ಎಳೆಯನ್ನು ಬಿಗಿಯಾಗಿ ಸುತ್ತಿಡಲು ಸತು ಬೇಕು, ಸೀಸ ಆ ಜಾಗಕ್ಕೆ ನುಗ್ಗುತ್ತದೆ. ಸುತ್ತು ಸರಿಯಿಲ್ಲದ ವೀರ್ಯಾಣು ಈಜಿಕೊಂಡು ಹೋಗಿ ಅಂಡವನ್ನು ಸೇರಿದರೂ ಭ್ರೂಣ ನಿಲ್ಲದೆ ಹೋಗಬಹುದು. ಜೊತೆಗೆ ವೀರ್ಯಾಣುವಿನ ಹೊರಪೊರೆಯಲ್ಲಿ ಬೇಗ ಕೆಡುವ ಕೊಬ್ಬು ಹೆಚ್ಚು, ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ ಶಕ್ತಿ ಅದಕ್ಕೆ ಬಹಳ ಕಡಿಮೆ. ಲೋಹಗಳು ಎಬ್ಬಿಸುವ ಆಕ್ಸಿಡೀಕರಣದ ಹೊಡೆತಕ್ಕೆ ಅದು ಮೊದಲು ಬಲಿಯಾಗುತ್ತದೆ. ಪ್ರಾಣಿ ತಿನ್ನುತ್ತಿರುತ್ತದೆ, ಮೈ ತುಂಬಿಕೊಂಡಿರುತ್ತದೆ, ರೋಗದ ಲಕ್ಷಣ ಒಂದೂ ಇರುವುದಿಲ್ಲ, ವೀರ್ಯ ಮಾತ್ರ ಕೆಟ್ಟಿರುತ್ತದೆ.

ಇದನ್ನು ಓದಿ ಯಾರೂ ಗಾಬರಿ ಬೀಳಬೇಕಾಗಿಲ್ಲ. ಪ್ರಯೋಗಶಾಲೆಯಲ್ಲಿ ಇಲಿಗೆ ಸೂಜಿಯಲ್ಲಿ ಕೊಟ್ಟ ಪ್ರಮಾಣವೇ ಬೇರೆ, ಕೆರೆಯಂಗಳದಲ್ಲಿ ಟಗರಿನ ಹೊಟ್ಟೆಗೆ ಹೋಗುವ ಪ್ರಮಾಣವೇ ಬೇರೆ. ಇಲಿಗೆ ತಟ್ಟಿದ್ದು ಕುರಿಗೂ ಅಷ್ಟೇ ತಟ್ಟುತ್ತದೆ ಎಂದು ಯಾವ ಪ್ರಾಮಾಣಿಕ ಪಶುವೈದ್ಯನೂ ಹೇಳಲಾರ. ಆದ್ದರಿಂದಲೇ ಕುರಿಯನ್ನೇ ಪರೀಕ್ಷಿಸಬೇಕು ಎನ್ನುತ್ತಿದ್ದೇನೆ.

ನಮಗೆ ಹತ್ತಿರದ ಇನ್ನೊಂದು ಅಧ್ಯಯನವೂ ಇದೆ. ಮದ್ರಾಸ್ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮ ಅಂತರಗಂಗೆ ಬೆಟ್ಟದ ಮೆಟ್ಟಿಲುಗಳ ಮೇಲೆ ಕೂರುವ ಜಾತಿಯ ಕೋತಿಗಳಿಗೇ ಆರು ತಿಂಗಳು ಕ್ರೋಮಿಯಂ ಬೆರೆತ ನೀರು ಕುಡಿಸಿದರು. ಪಾಲಾರ್ ಹರಿದು ಹೋಗುವ ತಮಿಳುನಾಡಿನ ಆ ಸೀಮೆಯಲ್ಲಿ ಚರ್ಮ ಹದ ಮಾಡುವ ಉದ್ಯಮಗಳು ಬಹಳ ಇವೆ, ಕ್ರೋಮಿಯಂ ಅಲ್ಲಿನ ಹಳೆಯ ಕೊರಗು. ಕೋತಿಗಳ ವೀರ್ಯಾಣು ಸಂಖ್ಯೆಯೂ ಚಲನೆಯೂ ಇಳಿದವು. ಕೊಟ್ಟ ಪ್ರಮಾಣ ದೊಡ್ಡದೇ. ಆದರೆ 2006ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ನನಗೆ ಮುಖ್ಯವೆನಿಸುವುದು ಮುಂದಿನ ಭಾಗ: ಕ್ರೋಮಿಯಂ ಇಲ್ಲದ ನೀರನ್ನು ಮತ್ತೆ ಆರು ತಿಂಗಳು ಕೊಟ್ಟಾಗ ವೀರ್ಯ ಚೇತರಿಸಿಕೊಂಡಿತು. ಬೇಗ ಕಂಡುಹಿಡಿದರೆ ಸರಿಪಡಿಸಬಹುದಾದ ಹಾನಿ ಇದು. ಬೇಗ ಕಂಡುಹಿಡಿಯಬೇಕಾದರೆ ಯಾರಾದರೂ ನೋಡುತ್ತಿರಬೇಕು.

"ಕೆರೆ ನೀರನ್ನು ಪರೀಕ್ಷಿಸುತ್ತಲೇ ಇದ್ದೇವೆ, ಎಲ್ಲವೂ ಮಿತಿಯೊಳಗಿದೆ" ಎಂಬ ಉತ್ತರ ನನಗೆ ಸಿಗಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಹಾಕಿರುವ ಮಿತಿ ಲೀಟರಿಗೆ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003 ಮಿಲಿಗ್ರಾಂ. ಜಾನುವಾರು ಕುಡಿಯುವ ನೀರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಸೂಚಿಸಿದ ಮಿತಿ ಇನ್ನೂ ಸಡಿಲ: ಸೀಸ 0.1, ಕ್ಯಾಡ್ಮಿಯಂ 0.05. ಕೆರೆಯ ನೀರು ಇದರೊಳಗೆ ಇದ್ದರೂ ನನ್ನ ಪ್ರಶ್ನೆ ಮುಗಿಯುವುದಿಲ್ಲ. ನಮ್ಮ ಕೆರೆಗಳಿಗೆ ಬರುವುದು ಎರಡನೆಯ ಹಂತದವರೆಗೆ ಸಂಸ್ಕರಿಸಿದ ನೀರು. ಆ ಸಂಸ್ಕರಣೆ ಕೊಳೆಯನ್ನು ತೆಗೆಯಲು ರೂಪಿಸಿದ್ದು, ಲೋಹವನ್ನು ತೆಗೆಯಲೆಂದೇ ರೂಪಿಸಿದ್ದಲ್ಲ. ಬಹುಪಾಲು ಲೋಹ ಸಂಸ್ಕರಣಾ ಘಟಕದ ಕೆಸರಿನೊಂದಿಗೆ ಉಳಿದುಬಿಡುತ್ತದೆ, ಸ್ವಲ್ಪ ನೀರಿನೊಂದಿಗೆ ಬರುತ್ತದೆ. ದಿನಕ್ಕೆ ಹತ್ತಾರು ಕೋಟಿ ಲೀಟರ್ ಲೆಕ್ಕದ ಯೋಜನೆಯಲ್ಲಿ ಆ ಸ್ವಲ್ಪವನ್ನು ವರ್ಷಗಳಿಂದ ಗುಣಿಸಬೇಕು. ಅದು ನೀರಿನಲ್ಲಿ ತೇಲುತ್ತಾ ಇರುವುದಿಲ್ಲ, ಜೇಡಿಗೆ ಅಂಟಿಕೊಂಡು ಕೆರೆಯ ಹೂಳಿಗೆ ಇಳಿಯುತ್ತದೆ. ಮೇಲಿನಿಂದ ಬಾಟಲಿಯಲ್ಲಿ ತುಂಬಿಕೊಂಡ ನೀರು ಆ ಹೊತ್ತಿನ ಸಂಗತಿಯನ್ನಷ್ಟೇ ಹೇಳುತ್ತದೆ, ಹೂಳು ಅಷ್ಟೂ ವರ್ಷಗಳದ್ದನ್ನು ಹೇಳುತ್ತದೆ.

ಆ ಹೂಳಿಗೂ ಟಗರಿಗೂ ಏನು ಸಂಬಂಧ ಎಂದು ತಿಳಿಯಬೇಕಾದರೆ ಬೇಸಿಗೆಯಲ್ಲಿ ಕೆರೆಯಂಚಿಗೆ ಬಂದು ನಿಲ್ಲಬೇಕು. ನೀರು ಹಿಂದೆ ಸರಿದಂತೆ ಮಣ್ಣು ಬಿರುಕು ಬಿಟ್ಟು, ಬಿರುಕಿನಲ್ಲಿ ಎಳೆ ಹುಲ್ಲು ಮೂಡುತ್ತದೆ. ಬೇರೆಲ್ಲೂ ಹಸಿರಿಲ್ಲದ ಆ ದಿನಗಳಲ್ಲಿ ಕುರಿಗಳು ಅದನ್ನು ಬುಡಸಮೇತ ಕಿತ್ತು ತಿನ್ನುತ್ತವೆ. ಬೇರಿಗೆ ಅಂಟಿದ ಮಣ್ಣೂ ಹೊಟ್ಟೆಗೆ ಹೋಗುತ್ತದೆ. ಗಿಡ್ಡ ಹುಲ್ಲು ಮೇಯುವ ಪ್ರಾಣಿ ತನ್ನ ಆಹಾರದಲ್ಲಿ ನೂರಕ್ಕೆ ಹತ್ತರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಮಣ್ಣು ತಿನ್ನುವುದು ಪಶುವಿಜ್ಞಾನಕ್ಕೆ ಗೊತ್ತಿರುವ ಸಂಗತಿ. ಮೇವಿನ ವಿಶ್ಲೇಷಣೆ ಮಾಡುವವರು ಹುಲ್ಲನ್ನು ತೊಳೆದು ಪರೀಕ್ಷಿಸುತ್ತಾರೆ, ಕುರಿ ತೊಳೆದು ತಿನ್ನುವುದಿಲ್ಲ. ಇದಲ್ಲದೆ ಕೆರೆಯ ಗೋಡನ್ನು, ಅಂದರೆ ಹೂಳುಮಣ್ಣನ್ನು, ಟ್ರ್ಯಾಕ್ಟರ್‌ಗಟ್ಟಲೆ ಹೊಲಕ್ಕೆ ಹೊಡೆಯುವುದು ನಮ್ಮ ಹಿರಿಯರ ಕಾಲದಿಂದ ಬಂದ ಒಳ್ಳೆಯ ಪದ್ಧತಿ. ಅದೇ ಹೊಲದಲ್ಲಿ ಸೀಮೆಹುಲ್ಲು ಬೆಳೆದು ಕೊಟ್ಟಿಗೆಗೆ ಬರುತ್ತದೆ. ಮೈಗೆ ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಕೂತರೆ ಸುಲಭಕ್ಕೆ ಬಿಡುವುದಿಲ್ಲ, ಸೀಸ ಮೂಳೆಯಲ್ಲಿ ಕೂರುತ್ತದೆ. ಹೀಗಿರುವಾಗ ನೀರಿನ ವರದಿಯೊಂದನ್ನೇ ಹಿಡಿದು ಜಾನುವಾರು ಕ್ಷೇಮ ಎಂದು ಹೇಳಲು ಬರುವುದಿಲ್ಲ.

ಕೆರೆಯ ನೀರಷ್ಟೇ ನನ್ನ ಚಿಂತೆಯಲ್ಲ. ಕೆ.ಜಿ.ಎಫ್.ನಲ್ಲಿ 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು, ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಸಯನೈಡ್ ದಿಬ್ಬಗಳು ಹಾಗೆಯೇ ಉಳಿದವು. ಗಾಳಿಯ ತಿಂಗಳುಗಳಲ್ಲಿ ಆ ಪುಡಿ ಸುತ್ತಲಿನ ಹುಲ್ಲಿನ ಮೇಲೆ ಕೂರುತ್ತದೆ, ಮೇಕೆಗಳು ಮೇಯುತ್ತವೆ. ಪೂರ್ವ ಕರ್ನಾಟಕದ ಆಳದ ಕೊಳವೆಬಾವಿಗಳ ನೀರಿನಲ್ಲಿ ಯುರೇನಿಯಂ ಮಿತಿ ಮೀರಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೇ ತೋರಿಸಿದ್ದಾರೆ. ಅದೂ ಭಾರಲೋಹವೇ. ಇನ್ನು ಹಳೆಯ ಬ್ಯಾಟರಿ. ಸೀಸದ ರುಚಿಗೆ ದನ ಅದನ್ನು ನೆಕ್ಕುತ್ತದೆ. ಶೆಡ್ ಒಂದರ ಹಿಂದೆ ಎಸೆದಿದ್ದ ಒಡೆದ ಬ್ಯಾಟರಿ ನೆಕ್ಕಿ, ಕಣ್ಣು ಕಾಣದೆ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದ ಎಮ್ಮೆಕರುವನ್ನು ಉಳಿಸಲು ನನ್ನಿಂದ ಆಗಲಿಲ್ಲ. ಸತ್ತ ಕರು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದೇ ಸೀಸವನ್ನು ತುಸು ತುಸು ನೆಕ್ಕಿ ಬದುಕುಳಿದ ಹೋರಿಯ ಬಗ್ಗೆ ಯಾರೂ ಕೇಳುವುದಿಲ್ಲ.

ಈ ಕೆಲಸ ಹೇಗೆ ಆಗಬೇಕು ಎಂಬುದನ್ನು ನಾನು ಯೋಚಿಸಿದ್ದೇನೆ. ದೊಡ್ಡ ಯೋಜನೆ, ಹೊಸ ಕಟ್ಟಡ ಯಾವುದೂ ಬೇಡ. ಸಂಸ್ಕರಿತ ನೀರು ಮೊದಲಿಗೆ ಬಂದ ಕೆರೆಗಳ ಕೆಳಗಿನ ಕೆಲವು ಹಳ್ಳಿಗಳನ್ನು, ಆ ನೀರು ಹರಿಯದ ಅಷ್ಟೇ ಹಳ್ಳಿಗಳನ್ನು ಆರಿಸಿ. ಎರಡನೆಯ ಗುಂಪು ಇಲ್ಲದಿದ್ದರೆ ಬಿಸಿಲಿನ ದೋಷವನ್ನು ನೀರಿನ ಮೇಲೆ, ನೀರಿನ ದೋಷವನ್ನು ಬಿಸಿಲಿನ ಮೇಲೆ ಹಾಕಿಕೊಂಡು ಕೂರುತ್ತೇವೆ. ಟಗರಿನಲ್ಲಿ ಒಂದು ವೀರ್ಯಾಣು ಹುಟ್ಟಿ, ಬಲಿತು, ಹೊರಬರಲು ಸುಮಾರು ಎರಡು ತಿಂಗಳು ಬೇಕು, ಹೋರಿಯಲ್ಲಿ ಇನ್ನೊಂದೆರಡು ವಾರ ಹೆಚ್ಚು. ಹಾಗಾಗಿ ಇಂದಿನ ಹನಿಯಲ್ಲಿ ಎರಡು ತಿಂಗಳ ಹಿಂದಿನ ಮೇವು, ನೀರು, ಬಿಸಿಲಿನ ಗುರುತಿರುತ್ತದೆ. ಕಡು ಬೇಸಿಗೆ ಕಳೆದ ಮೇಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಪರೀಕ್ಷಿಸಿದರೆ ಕಾಲದ ಪ್ರಭಾವವನ್ನು ಬೇರ್ಪಡಿಸಬಹುದು. ವೀರ್ಯ ಹಿಡಿಯುವ ಕೃತಕ ಯೋನಿ, ಸೂಕ್ಷ್ಮದರ್ಶಕ, ಎಣಿಕೆಯ ಗಾಜು, ವೃಷಣದ ಸುತ್ತಳತೆಗೆ ಒಂದು ಟೇಪು ಇದ್ದರೆ ತಾಲ್ಲೂಕಿನ ಪಶುವೈದ್ಯರೇ ಇದನ್ನು ಮಾಡಬಲ್ಲರು. ಬ್ರುಸೆಲ್ಲಾ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿ.

ಕಸಾಯಿಖಾನೆಯ ವಿಷಯವನ್ನು ನಾನು ಒತ್ತಿ ಹೇಳುತ್ತೇನೆ. ಯಾವ ಪ್ರಾಣಿಗೂ ಹೊಸದಾಗಿ ನೋವು ಕೊಡದೆ, ಸಿಗಬೇಕಾದ ಅಷ್ಟೂ ಅಂಗಾಂಶ ಅಲ್ಲಿ ದಿನವೂ ಸಿಗುತ್ತದೆ. ಯಾವ ಊರಿನ ಟಗರು, ಎಷ್ಟು ಹಲ್ಲಿನದು ಎಂದು ಬರೆದುಕೊಂಡು ಒಂದು ತುಂಡು ಮೂತ್ರಪಿಂಡ, ಒಂದು ತುಂಡು ಯಕೃತ್ತು, ಒಂದು ತುಂಡು ವೃಷಣ ಎತ್ತಿಟ್ಟರೆ ಸಾಕು. ಲೋಹದ ಅಳತೆಗೆ ಬೆಂಗಳೂರು ದೂರವೇನಲ್ಲ. ಆಡುಗೋಡಿಯಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಇದೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಕೋಲಾರದ ನೀರಿನ ಋಣ ಬೆಂಗಳೂರಿನ ಮೇಲೆ ಇಲ್ಲದಿರಬಹುದು, ಬೆಂಗಳೂರಿನ ಚರಂಡಿಯ ನೀರನ್ನು ಸ್ವೀಕರಿಸಿದ ಕೋಲಾರಕ್ಕೆ ಅಲ್ಲಿನ ಪ್ರಯೋಗಾಲಯಗಳನ್ನು ಕೇಳುವ ಹಕ್ಕು ಇದೆ ಎಂದು ನಾನು ನಂಬಿದ್ದೇನೆ.

ದಾಖಲೆಯನ್ನು ವರ್ಷ ವರ್ಷ ಬಿಡದೆ ಇಡುವುದು ಎಷ್ಟು ಮುಖ್ಯ ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆಯಿದೆ. ಅಂಗವಿಕಲರಿಗೆ ನೆರವಾಗುವ ನಾಯಿಗಳನ್ನು ಬೆಳೆಸುವ ಕಾರ್ಯಕ್ರಮವೊಂದರಲ್ಲಿ ಗಂಡುನಾಯಿಗಳ ವೀರ್ಯವನ್ನು 1988ರಿಂದ 2014ರವರೆಗೆ, ಒಂದೇ ಕ್ರಮದಲ್ಲಿ ಪರೀಕ್ಷಿಸುತ್ತಾ ಹೋದರು. ಆ 26 ವರ್ಷಗಳ ಲೆಕ್ಕ ಕೈಯಲ್ಲಿದ್ದುದರಿಂದಲೇ ನಾಯಿಗಳ ವೀರ್ಯಾಣು ಚಲನೆ ಇಳಿಯುತ್ತಿರುವುದು ಗೊತ್ತಾಯಿತು. ಅವರು ಬೊಟ್ಟು ಮಾಡಿದ್ದು ಪ್ಲಾಸ್ಟಿಕ್ಕಿನ ಮತ್ತು ಕೈಗಾರಿಕೆಯ ರಾಸಾಯನಿಕಗಳತ್ತ, ಲೋಹಗಳತ್ತ ಅಲ್ಲ. ಆದರೆ ಯಾವುದೇ ಒಂದು ವರ್ಷದ ಪರೀಕ್ಷೆಯಲ್ಲಿ ಆ ಇಳಿತ ಕಾಣುತ್ತಿರಲಿಲ್ಲ. ನಮ್ಮಲ್ಲಿ 2018ರಲ್ಲೇ ಆರಂಭಿಸಿದ್ದರೆ ಇಷ್ಟು ಹೊತ್ತಿಗೆ ಒಂದು ದಾರಿ ಕಾಣುತ್ತಿತ್ತು. ಇನ್ನೂ ತಡ ಮಾಡಬೇಡಿ.

ಹಾಲಿನ ಬಗ್ಗೆ ಜನ ಕೇಳುತ್ತಾರೆ. ಸೀಸ, ಕ್ಯಾಡ್ಮಿಯಂ ಹಾಲಿಗೆ ಇಳಿಯುವುದು ಬಹಳ ಕಡಿಮೆ, ಹೆಚ್ಚಿನದು ಮೂಳೆ, ಯಕೃತ್ತು, ಮೂತ್ರಪಿಂಡಗಳಲ್ಲೇ ನಿಲ್ಲುತ್ತದೆ. ಹಾಲಿನ ಹೆಸರಿನಲ್ಲಿ ಬದುಕುವ ಜಿಲ್ಲೆಯಲ್ಲಿ ಸುಳ್ಳು ಸುದ್ದಿ ಹಬ್ಬಿಸುವವರಿಗೆ ಈ ಪತ್ರ ಆಯುಧವಾಗಬಾರದು. ಹಾಗೆಂದು ಪರೀಕ್ಷೆಯನ್ನು ಗುಟ್ಟಾಗಿಟ್ಟರೆ ಸುಳ್ಳು ಸುದ್ದಿ ನಿಲ್ಲುವುದಿಲ್ಲ, ಹೆಚ್ಚುತ್ತದೆ. ಫಲಿತಾಂಶ ಒಳ್ಳೆಯದಾಗಿ ಬಂದರೆ ಕುರಿಗಾರರು ನೆಮ್ಮದಿಯಿಂದ ಮಲಗುತ್ತಾರೆ. ಕೆಟ್ಟದಾಗಿ ಬಂದರೆ ಏನು ಮಾಡಬಹುದು ಎಂಬುದೂ ಗೊತ್ತೇ ಇದೆ: ಬೀಜದ ಗಂಡುಗಳಿಗೆ ತೊಟ್ಟಿಯಲ್ಲಿ ಬೇರೆ ನೀರು, ಕೆರೆಯಂಚಿನ ಮೇವಿಗೆ ತಡೆ, ಸತು ಇರುವ ಖನಿಜ ಮಿಶ್ರಣ, ಹೊಲಕ್ಕೆ ಹೊಡೆಯುವ ಮೊದಲು ಗೋಡಿನ ಪರೀಕ್ಷೆ, ಕೊನೆಗೆ ನೀರನ್ನು ಮೂರನೆಯ ಹಂತದವರೆಗೂ ಸಂಸ್ಕರಿಸಿಯೇ ಕಳಿಸಬೇಕೆಂಬ ಒತ್ತಾಯ. ಆ ಒತ್ತಾಯವನ್ನು ಜಿಲ್ಲೆಯ ಜನ ಬಹಳ ವರ್ಷಗಳಿಂದ ಮಾಡುತ್ತಲೇ ಬಂದಿದ್ದಾರೆ. ಅದರ ಕೈಗೆ ಅಂಕಿಅಂಶ ಕೊಡಬೇಕಾದವರು ನೀವು.

ನಾನೂ, ನನ್ನಂತೆ ನಿವೃತ್ತರಾದ ನನ್ನ ಕೆಲವು ಸ್ನೇಹಿತರೂ ಸಂಬಳವಿಲ್ಲದೆ ಈ ಕೆಲಸಕ್ಕೆ ಬರಲು ಸಿದ್ಧರಿದ್ದೇವೆ. ಹಳ್ಳಿಗಳ ಪಟ್ಟಿ, ಕುರಿಗಾರರ ಒಪ್ಪಿಗೆ, ಟಗರು ಹಿಡಿಯುವುದು, ಗಾಜಿನ ಮೇಲೆ ಹನಿ ಇಟ್ಟು ಎಣಿಸುವುದು, ಇಷ್ಟನ್ನು ನಾವು ನೋಡಿಕೊಳ್ಳುತ್ತೇವೆ. ನಿಮ್ಮಿಂದ ಬೇಕಾಗಿರುವುದು ಒಂದು ಆದೇಶ, ಲೋಹದ ಪರೀಕ್ಷೆಯ ಖರ್ಚು, ಮತ್ತು ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಫಲಕದ ಮೇಲೂ ಹಾಲಿನ ಡೇರಿಯ ಗೋಡೆಯ ಮೇಲೂ ಅಂಟಿಸುತ್ತೇವೆಂಬ ಲಿಖಿತ ಮಾತು. ಬರುವ ಮುಂಗಾರಿಗೆ ಮೊದಲೇ ಆದೇಶವಾದರೆ ಬೇಸಿಗೆಯ ಮಾದರಿಗಳನ್ನು ಈ ವರ್ಷವೇ ಹಿಡಿಯಬಹುದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಶುವೈದ್ಯ
ಕೋಲಾರ ತಾಲ್ಲೂಕು